ಒಳಗೆಳೆದ ಹೌದು

ಅಕ್ಕಾ,

ಕಾಸೆಲ್‌ನಲ್ಲಿ ಇವತ್ತು ನರ್ಸ್ ಕೆಲಸಕ್ಕೆ ಬೇಕಾದ ಜರ್ಮನ್ ಮಾತಿನ ಪರೀಕ್ಷೆ ಆಯಿತು. ಪರೀಕ್ಷಕಿಯ ಮೊದಲ ಪ್ರಶ್ನೆಗೇ, ಅಡಿಸ್ ಅಬಾಬದಲ್ಲಿ ನಾವೆಲ್ಲ ಮಾಡುವ ಹಾಗೆ, ಉಸಿರನ್ನು ಸರ್ರನೆ ಒಳಗೆಳೆದು ಹೌದೆಂದೆ. ಆಕೆ ಗಾಬರಿಯಿಂದ ನೀರು ತಂದರು.

"ಉಬ್ಬಸ ಇದೆಯಾ?"

"ಇಲ್ಲ ಮೇಡಂ, ಅಮ್ಹಾರಿಕ್‌ನಲ್ಲಿ ಹೌದು ಅನ್ನೋದೇ ಹೀಗೆ. ನೀವು ಹೊರಗೆ ಬಿಡ್ತೀರಿ, ನಾವು ಒಳಗೆ ತಗೋತೀವಿ."

"ರೋಗಿಗಳು ಹೆದರ್ತಾರಮ್ಮ. ಬಿಟ್ಟುಬಿಡಿ."

ಇಂಗ್ಲಿಷ್ ಶಾಲೆಯಲ್ಲಿ ಇದಕ್ಕೇ ಬೈದಾಗ ಈ ಅಭ್ಯಾಸ ಬಿಟ್ಟವಳು ನಾನು. ನಲವತ್ತನಾಲ್ಕನೇ ವಯಸ್ಸಿಗೆ ಇದು ಹಟವೋ ಏನೋ, "ಬಿಡಲ್ಲ" ಅಂದೆ.

"ನಪಾಸಾದರೂ ಸರಿಯಾ?"

ಅವರ ಮುಖ ನೋಡುತ್ತಲೇ, ಇನ್ನೂ ಜೋರಾಗಿ ಉಸಿರು ಒಳಗೆಳೆದೆ.

ಫಲಿತಾಂಶ ಶುಕ್ರವಾರ. ನನ್ನ ಎದೆ ಗಟ್ಟಿಯಾಗಿದೆ, ಅಮ್ಮನಿಗೆ ಉಬ್ಬಸದ ಮಾತು ಹೇಳಬೇಡ. ನಾನು ಪಾಸಾದೆನಾ ಎಂದು ಅವಳು ಕೇಳಿದರೆ ಮಾತ್ರ ನಮ್ಮ ಹಾಗೇ ಉಸಿರೆಳೆದುಬಿಡು.

ನಿನ್ನ ಎಮೆಬೆಟ್