ಅವ್ವ ಕೊಟ್ಟ ಕಿಡ್ನಿ

ಮಂಗಳವಾರ, 9 ನವೆಂಬರ್ 2004, ಬಿಟಿಎಂ

ಇವತ್ತು ಅವ್ವನಿಗೆ ಹೇಳಲೇಬೇಕಾಯಿತು.

ತಮ್ಮ ಮೌನೇಶನ ಕೆಮ್ಮನ್ನು ಟಿಬಿ ಎಂದುಕೊಂಡಿದ್ದೆವು. ಶ್ವಾಸಕೋಶದಲ್ಲಿ ಫಂಗಸ್ ಅಂತೆ. ಜಯನಗರದ ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು.

"ಹೊಸ ಕಿಡ್ನಿನ ದೇಹ ಒಪ್ಕೊಳ್ಳಲಿ ಅಂತ ಕೊಡೋ ಮಾತ್ರೆಗಳಿಂದಲೇ ಅವರ ರೋಗ ತಡೆಯೋ ಶಕ್ತಿ ಕುಗ್ಗಿದೆ. ನಿಲ್ಸಿದ್ರೆ ಕಿಡ್ನಿ ಹೋಗುತ್ತೆ, ಮತ್ತೆ ಡಯಾಲಿಸಿಸ್. ನಿಲ್ಸದಿದ್ರೆ ಅವರೇ ಉಳಿಯಲ್ಲ. ಅವರು ನಿಲ್ಸೋದು ಬೇಡ ಅಂತಿದ್ದಾರೆ, ನೀವು ಮಾತಾಡಿ ಮೇಡಂ."

ನಿಲ್ಲಿಸಿದರೂ ಉಳಿಯುವ ಭರವಸೆ ಅರ್ಧವೇ ಎಂದರು. ಅದನ್ನು ನಾನು ಯಾರಿಗೂ ಹೇಳಿಲ್ಲ.

ಮೌನೇಶ ಮಾಸ್ಕ್ ಸರಿಸಿ, "ಅಕ್ಕಾ, ಅವ್ವ ಕೊಟ್ಟದ್ದನ್ನ ಕೆಡಿಸಾಂಗಿಲ್ಲ ನಾ," ಎಂದ. ಎಷ್ಟು ಬೇಡಿಕೊಂಡರೂ ಗೋಡೆಯ ಕಡೆ ತಿರುಗಿಯೇ ಮಲಗಿದ್ದ.

ಕೊನೆಗೆ ಅವ್ವನನ್ನೇ ಒಳಗೆ ಕರೆದೊಯ್ದು, ಆ ಅರ್ಧದ ಮಾತೊಂದು ಬಿಟ್ಟು ಉಳಿದದ್ದೆಲ್ಲ ಹೇಳಿದೆ. ಅವಳ ಆಪರೇಷನ್ ಆಗಿ ಇನ್ನೂ ನಾಲ್ಕು ತಿಂಗಳು. ಈಗಲೂ ಎಡ ಪಕ್ಕೆ ಹಿಡಿದುಕೊಂಡೇ ಕೂರುತ್ತಾಳೆ. ಅಳುತ್ತಾಳೆ ಎಂದುಕೊಂಡಿದ್ದೆ, ಅಳಲಿಲ್ಲ. ಅವನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಗುಳಿಗಿ ಬಿಡಪ್ಪಾ. ಹೋದ್ರ ಹೋಗ್ಲಿ, ನನ್ನ ಕಡೆ ಇನ್ನೊಂದೈತಲ್ಲ."

ಅವನು ಬಹಳ ಹೊತ್ತು ಅವಳನ್ನೇ ನೋಡಿದ. ಆಮೇಲೆ ನನ್ನನ್ನು ನೋಡಿದ. ಅವ್ವನಲ್ಲಿ ಉಳಿದ ಒಂದೇ ಕಿಡ್ನಿಯನ್ನು ಯಾವ ಡಾಕ್ಟರೂ ಮುಟ್ಟುವುದಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಅವ್ವನಿಗೆ ಗೊತ್ತಿಲ್ಲ. ಮೌನೇಶ ಪೆನ್ನು ಕೇಳಿ, ಮಾತ್ರೆ ನಿಲ್ಲಿಸುವ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದ.

ಮನೆಗೆ ಬರುವಾಗ ಬಸ್ಸಿನಲ್ಲಿ ಅವ್ವ ಕೇಳಿದಳು, "ಈ ಸಲ ಬಲಕ್ಕ ಕೊಯ್ತಾರೇನವಾ?"

ಹೂಂ ಅಂದೆ.