ಬಲಗಡೆಯ ನಲವತ್ತೊಂದು

ವಿಲೆಟನ್, ಪರ್ತ್
೨೧ ಆಗಸ್ಟ್ ೧೯೮೪, ಮಂಗಳವಾರ

ಪ್ರೀತಿಯ ಶಾರೂಗೆ,

ನಿನ್ನ ಅಹಲ್ಯೆ ಇಲ್ಲಿ ಇನ್ನೂ ಕಲ್ಲಾಗದೆ ಉಳಿದಿದ್ದಾಳೆ. ಬ್ರಿಸ್ಬೇನಿನಲ್ಲಿ ನೀನು, ನಿನ್ನ ಆಸ್ಪತ್ರೆ, ಫೋರ್ಟಿಟ್ಯೂಡ್ ವ್ಯಾಲಿಯ ನಿನ್ನ ಮೂರನೇ ಮಹಡಿಯ ಗೂಡು, ಎಲ್ಲ ಕ್ಷೇಮವೆಂದು ನಂಬಿದ್ದೇನೆ. ಅಕ್ಷರ ಮಸುಕಾಗಿದೆ, ಬೆರಳಿಗೆ ನೀಲಿ ಅಂಟುತ್ತದೆ ಎಂದು ಬೈಯಬೇಡ. ಅದಕ್ಕೊಂದು ಕಾರಣವಿದೆ, ಕೊನೆಯಲ್ಲಿ ಹೇಳುತ್ತೇನೆ.

'ನಿನ್ನ ಯಜಮಾನರು ಇನ್ನೂ ಒಂಟೆ ಎಣಿಸುತ್ತಿದ್ದಾರೆಯೇ' ಎಂದು ನೀನು ಕೇಳಿದ್ದೆ. ಎಣಿಸುತ್ತಿದ್ದಾರೆ ತಾಯಿ. ಜನದ ಡಾಕ್ಟರಾಗುವವಳು ದನದ ಡಾಕ್ಟರನ್ನು ಕಟ್ಟಿಕೊಳ್ಳುತ್ತಿದ್ದಾಳೆ ಎಂದು ಮೈಸೂರಿನ ಹಾಸ್ಟೆಲಿನಲ್ಲಿ ನೀನು ಸಾರಿಕೊಂಡು ತಿರುಗಿದ್ದೆಯಲ್ಲ, ಈಗ ದನವೂ ಹೋಗಿ ಒಂಟೆ ಬಂದಿದೆ. ಒಂಟೆಗಳ ಹಿಂದೆ ಚಂದ್ರಮೌಳಿಯವರು, ಅವರ ಹಿಂದೆ ಒಂಟಿಯಾಗಿ ನಾನು. ಈ ಮಾತಿಗೆ ನಗುವವರು ಪರ್ತಿನಲ್ಲಿ ಯಾರೂ ಇಲ್ಲದ್ದರಿಂದ ನಿನಗಾಗಿ ಕಾದಿಟ್ಟಿದ್ದೆ.

ಈ ಒಂಟೆಗಳ ಕಥೆ ನಿನಗೂ ಗೊತ್ತಿರಬೇಕು. ನೂರು ವರ್ಷದ ಹಿಂದೆ ಮರುಭೂಮಿಯಲ್ಲಿ ಹೊರೆ ಹೊರಲು ಹಡಗಿನಲ್ಲಿ ಕರೆತಂದರು. ಲಾರಿ ಬಂದ ಮೇಲೆ ಬೇಡವಾದವು, ಕಾಡಿಗೆ ಬಿಟ್ಟರು. ಅವು ಸಾಯಲಿಲ್ಲ, ಸಂಸಾರ ಹೂಡಿದವು. ಈಗ ಬೇಲಿ ಮುರಿಯುತ್ತವೆ, ದನದ ನೀರಿನ ತೊಟ್ಟಿ ಖಾಲಿ ಮಾಡುತ್ತವೆ, ನಲ್ಲಿಯನ್ನೇ ಕಿತ್ತು ಕುಡಿಯುತ್ತವೆ. ಕರೆಸಿಕೊಳ್ಳುವಾಗ ಅತಿಥಿ, ಕೆಲಸ ಮುಗಿದ ಮೇಲೆ ಪೀಡೆ. ಪರದೇಶದಿಂದ ಬಂದ ಡಾಕ್ಟರುಗಳು ಸ್ವಲ್ಪ ಹುಷಾರಾಗಿರಬೇಕು ಕಣೇ. ಎಷ್ಟನ್ನು ಕೊಲ್ಲಬೇಕು, ಎಷ್ಟನ್ನು ಹಿಡಿದು ಮಾರಬೇಕು ಎಂದು ತೀರ್ಮಾನಿಸುವ ಮೊದಲು ಎಷ್ಟಿವೆ ಎಂದು ತಿಳಿಯಬೇಕಲ್ಲ, ಅದಕ್ಕೇ ಈ ಎಣಿಕೆ. ಪುಟ್ಟ ವಿಮಾನ ಮರಳಿನ ಮೇಲೆ ತಗ್ಗಿನಲ್ಲಿ ನೇರ ಗೆರೆ ಎಳೆದ ಹಾಗೆ ಹಾರುತ್ತದೆ. ಎಡಗಿಟಕಿಯಲ್ಲಿ ಇವರು, ಬಲಗಿಟಕಿಯಲ್ಲಿ ಬೆವರ್ಲಿ ಎಂಬಾಕೆ. ಕಂಡ ಒಂಟೆಗಳ ಸಂಖ್ಯೆಯನ್ನು ಇಬ್ಬರೂ ಮೈಕಿಗೆ ಹೇಳುತ್ತಾರೆ, ಒಂದೇ ಟೇಪಿಗೆ.

ಹೆಬ್ಬಾಳದಲ್ಲಿ ಕಲಿತ ವಿದ್ಯೆಯೆಲ್ಲ ಇಂಗ್ಲಿಷಿನದಾದರೂ ಅವಸರಕ್ಕೆ ಇವರ ಬಾಯಲ್ಲಿ ಬರುವುದು ಕನ್ನಡದ ಎಣಿಕೆಯೇ. ಕಣ್ಣ ಕೆಳಗೆ ಹಿಂಡು ಓಡುತ್ತಿರುವಾಗ ಒಂದು, ಎರಡು, ಮೂರು ಎಂದುಬಿಡುತ್ತಾರೆ. ಅಡಿಲೇಡಿನ ಆಫೀಸಿನ ಟೈಪಿಸ್ಟ್ ಕೈಮುಗಿದಳು. ಟೇಪುಗಳು ನಮ್ಮ ಮನೆಗೆ ಬಂದವು. ವಾರಕ್ಕೆ ಮೂರು ದಿನ ಬೆಂಟ್ಲಿಯ ಕ್ಲಿನಿಕ್ಕಿನಲ್ಲಿ ವಿದ್ಯಾರ್ಥಿಗಳ ಉಳುಕಿದ ಕಾಲು ನೋಡುತ್ತೇನೆ. ಮಿಕ್ಕ ದಿನ ಮಗಳು ಮೈತ್ರೇಯಿ ಶಾಲೆಗೆ ಹೋದ ಮೇಲೆ ಊಟದ ಮೇಜಿನ ಮೇಲೆ ಟೇಪ್ ಹಾಕಿಕೊಂಡು, ಎಡಗಡೆ ಇಷ್ಟು, ಬಲಗಡೆ ಇಷ್ಟು ಎಂದು ಕಾರ್ಬನ್ ಇಟ್ಟು ಹಾಳೆ ತುಂಬುತ್ತೇನೆ. ಮೇ ತಿಂಗಳಿನ ಮೊದಲ ಕಂತು ನಿಜಕ್ಕೂ ಖುಷಿಯಾಗಿತ್ತು. ಮೂರು ವಾರ ಊರಲ್ಲಿಲ್ಲದ ಗಂಡನ ದನಿ ಮನೆಯಲ್ಲಿ ತುಂಬಿತ್ತು, ಅದೂ ಎದುರುತ್ತರ ಕೊಡದೆ. ಹಾಳೆಗಳ ಜೊತೆ ತಮಾಷೆಗೊಂದು ಚೀಟಿಯನ್ನೂ ಇಟ್ಟೆ: ಒಬ್ಬರದು ಕನ್ನಡ, ಒಬ್ಬರದು ಇಂಗ್ಲಿಷ್, ನಡುವೆ ಎಂಜಿನ್ನಿನದು ಮೂರನೇ ಭಾಷೆ, ನನಗೆ ತಲೆನೋವು, ಇಬ್ಬರೂ ಒಂದೇ ಭಾಷೆಯಲ್ಲಿ ಎಣಿಸಿ. ಇವರು ಇಂಗ್ಲಿಷಿಗೆ ಬರಲಿ ಎಂಬುದು ಅದರ ಅರ್ಥ. ಕಳಿಸಿದೆ, ಮರೆತೆ.

ಬೆವರ್ಲಿ ಒಮ್ಮೆ ನಮ್ಮ ಮನೆಯ ಹಿತ್ತಲಿನ ಬಾರ್ಬೆಕ್ಯೂ ಊಟಕ್ಕೆ ಬಂದಿದ್ದಳು. ಬಿಸಿಲಿಗೆ ಮೂಗು ಸುಲಿದ, ಎತ್ತರದ ಹೆಂಗಸು. ಪುಳಿಯೋಗರೆಯನ್ನು ಮೂರು ಸಲ ಹಾಕಿಸಿಕೊಂಡಳು. ಆಗ ಒಳ್ಳೆಯವಳು ಅನಿಸಿದ್ದಳು.

ಜುಲೈ ಕೊನೆಯಲ್ಲಿ ಎರಡನೇ ಕಂತಿನ ಟೇಪ್ ಹಾಕಿದೆ. ಎಡದಿಂದ ಇವರು 'ನಾಲ್ಕು' ಎಂದರು. ಬಲದಿಂದ ಒಂದು ಹೆಣ್ಣುದನಿ, 'ಏಳು' ಎಂದಿತು. ಟೇಪನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದೆ. ಏಳು ಎಂದರೆ ಏಳೇ. ಆಮೇಲೆ ಮೂರು, ಒಂಬತ್ತು. 'ಹನ್ನೊಂದು' ಎನ್ನುವಾಗ ಅವಳು ಎಡವಿದಳು, ಇವರು ತಿದ್ದಿದರು, ಇಬ್ಬರೂ ನಕ್ಕರು. ಶಾರೂ, ಹದಿಮೂರು ವರ್ಷದ ಸಂಸಾರದಲ್ಲಿ ಇವರು ನನ್ನ ಯಾವ ತಪ್ಪನ್ನೂ ನಗುತ್ತಾ ತಿದ್ದಿದ್ದಿಲ್ಲ. ಮಗಳಿಗೆ ಕನ್ನಡದ ಒಂದು, ಎರಡು ಕಲಿಸಿ ಅಂದರೆ ಪುರುಸೊತ್ತಿಲ್ಲ, ಶಾಲೆಯಲ್ಲಿ ಗೊಂದಲವಾಗುತ್ತದೆ ಅಂದವರು. ಒಂಬತ್ತು ವರ್ಷದ ಆ ಮಗಳು ಶಾಲೆಯಿಂದ ಬಂದು ಬಾಗಿಲಲ್ಲೇ ನಿಂತು ಕೇಳಿ ಹೇಳಿದಳು:

"ಮಮ್, ದಟ್ ಲೇಡಿ ಕೌಂಟ್ಸ್ ಲೈಕ್ ಡ್ಯಾಡ್."

ಹೊಟ್ಟೆಕಿಚ್ಚು ಎನ್ನುವುದು ಅಲಂಕಾರದ ಮಾತೆಂದು ತಿಳಿದಿದ್ದೆ. ಅಲ್ಲ ಕಣೇ. ಅಂದು ಹೊಕ್ಕುಳಿಗೆ ಎರಡಂಗುಲ ಮೇಲೆ ಅದನ್ನು ಬೆರಳಿಟ್ಟು ತೋರಿಸಬಹುದಿತ್ತು. ಡಾಕ್ಟರಾಗಿ ಹೇಳುತ್ತಿದ್ದೇನೆ, ಅದಕ್ಕೆ ಆಂಟಾಸಿಡ್ ನಾಟುವುದಿಲ್ಲ.

ಇನ್ನು ಮುಂದಿನದನ್ನು ಒಂದೇ ಉಸಿರಿಗೆ ಹೇಳಿಬಿಡುತ್ತೇನೆ. ಅವಳ ಆ ಏಳನ್ನು ನಾನು ಹಾಳೆಗೆ ಬರೆಯಲಿಲ್ಲ. ಬರೆಯದಿದ್ದರೆ ಏನಾಗುತ್ತದೆ ನೋಡೋಣ ಎಂದು ಬಿಟ್ಟೆ. ಏನೂ ಆಗಲಿಲ್ಲ, ಅನ್ನ ಹಿತವಾಗಿ ಸೇರಿತು. ಮರುದಿನ ನಗು ಬೆರೆತ ಆ ಹನ್ನೊಂದನ್ನು ಬಿಟ್ಟೆ. ಆಮೇಲೊಂದು ಐದು. ಕೊನೆಯ ಟೇಪಿನಲ್ಲಿ ಅವಳು 'ಹದಿನೆಂಟು' ಎಂದು ಒಂದಿಷ್ಟೂ ತೊದಲದೆ, ನಮ್ಮ ಚಾಮರಾಜಪುರದವಳ ಹಾಗೆ ಹೇಳಿದಳು. ಅದನ್ನಂತೂ ಸಂತೋಷವಾಗಿಯೇ ಬಿಟ್ಟೆ. ಒಟ್ಟು ನಲವತ್ತೊಂದು. ಅಷ್ಟು ಜೀವ ಗುಂಡಿನಿಂದ ಉಳಿದವು, ಪುಣ್ಯ ಬಂತು ಎಂದೂ ಸಮಾಧಾನ ಹೇಳಿಕೊಂಡೆ. ಎಣಿಕೆ ತಪ್ಪಿ ಹಿಂಡು ಹೆಚ್ಚಿದರೆ ಬರದ ವರ್ಷ ನೀರಿನ ಹೊಂಡದಲ್ಲಿ ಒಂದನ್ನೊಂದು ತುಳಿದು ಸತ್ತು ಕೊಳೆಯುತ್ತವೆ ಎಂದು ಇವರು ಹಿಂದೆಯೇ ಹೇಳಿದ್ದರು. ಅದು ನೆನಪಿಗೆ ಬಾರದಂತೆ ನೋಡಿಕೊಂಡೆ.

ಮೊನ್ನೆ ಭಾನುವಾರ ಇವರು ಅಡಿಲೇಡಿನಿಂದ ಫೋನ್ ಮಾಡಿದರು. ವರದಿ ಬರೆಯಲು ಅಲ್ಲೇ ಉಳಿದಿದ್ದಾರೆ, ಬರುವ ಸೋಮವಾರ ಸಭೆ. ಬಲಗಡೆಯ ಸಂಖ್ಯೆ ಎಡಗಡೆಯ ಅರ್ಧವೂ ಇಲ್ಲವಂತೆ. ಬೆವರ್ಲಿಯ ಕಣ್ಣು ಸಾಲದು, ಮುಂದಿನ ಹಾರಾಟಕ್ಕೆ ಆ ಸೀಟನ್ನು ಬೇರೆಯವರಿಗೆ ಕೊಡುವುದೆಂದು ದೊಡ್ಡ ಸಾಹೇಬರು ಹೇಳಿದರಂತೆ. ಅವಳು ವಾದಿಸಲಿಲ್ಲವಂತೆ. ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬಂದಳಂತೆ. ನಾನು ಅಯ್ಯೋ ಪಾಪ ಅಂದೆ. ಫೋನ್ ಇಟ್ಟು ಶ್ಯಾವಿಗೆ ಪಾಯಸಕ್ಕೆ ಹಾಲು ಕಾಯಿಸಿದೆ. ಇವತ್ತು ಏನು ಹಬ್ಬ ಎಂದು ಮೈತ್ರೇಯಿ ಇಂಗ್ಲಿಷಿನಲ್ಲಿ ಕೇಳಿದಳು, ಇದೆ ಒಂದು ಅಂದೆ.

ಆದರೆ ಇವರು ಫೋನಿನಲ್ಲಿ ಇನ್ನೊಂದು ಮಾತು ಹೇಳಿದ್ದರು, ಅದು ಪಾಯಸದಲ್ಲಿ ಕಲ್ಲು ಸಿಕ್ಕ ಹಾಗೆ ಸಿಕ್ಕಿತು. ಹಾಳೆಗಳನ್ನು ಟೇಪಿನ ಜೊತೆ ಮತ್ತೊಮ್ಮೆ ತಾಳೆ ನೋಡೋಣವೇ ಎಂದು ಸಾಹೇಬರು ಕೇಳಿದಾಗ ಇವರು ಬೇಡ ಅಂದರಂತೆ.

"ಅಹಲ್ಯಾ ಒಂದು ಒಂಟೇನೂ ಬಿಡೋವಳಲ್ಲ ಅಂತ ಹೇಳ್ಬಿಟ್ಟೆ ಕಣೇ."

ಹೀಗೆ ನಂಬುವ ಗಂಡನ ಮೇಲೆ ಸಿಟ್ಟು ಬರುತ್ತದೆ. ಇಷ್ಟು ನಂಬುವವನು ನನ್ನಿಂದ ಏನನ್ನೋ ಮುಚ್ಚಿಡುತ್ತಿರಬೇಕು ಅನಿಸಿತು. ನಿನ್ನೆ ಬೆಳಿಗ್ಗೆ ಕೊನೆಯ ಟೇಪನ್ನು ಮತ್ತೆ ಹಾಕಿದೆ. ಪಶ್ಚಾತ್ತಾಪಕ್ಕಲ್ಲ, ಸಾಕ್ಷಿಗೆ. ಎಣಿಕೆ ಮುಗಿದಲ್ಲಿಗೆ ನಾನು ಯಾವಾಗಲೂ ನಿಲ್ಲಿಸುತ್ತಿದ್ದೆ, ಆಮೇಲೆ ಬರೀ ಎಂಜಿನ್ನಿನ ಗೊರಕೆ. ಈ ಸಲ ಓಡಲು ಬಿಟ್ಟೆ. ಕೆಲಸ ಮುಗಿಸಿ ಇಬ್ಬರೂ ಏನು ಮಾತಾಡುತ್ತಾರೆ, ಆ ನಗು ಎಲ್ಲಿಯವರೆಗೆ ಹೋಗುತ್ತದೆ, ತಿಳಿಯಬೇಕಿತ್ತು. ಗೊರಕೆ, ಗೊರಕೆ, ಇಳಿದ ಸದ್ದು, ಎಂಜಿನ್ ನಿಂತಿತು. ಆಗ ಬಲಗಡೆಯವಳ ದನಿ ಮೈಕಿಗೆ ಹತ್ತಿರ ಬಂತು. ಚೀಟಿ ನೋಡಿಕೊಂಡು ಓದುವವರ ಹಾಗೆ, ನಿಲ್ಲಿಸಿ ನಿಲ್ಲಿಸಿ ಹೇಳಿದಳು:

"ಅಹಲ್ಯಾ, ನಮಸ್ಕಾರ. ಈಗ ಒಂದೇ ಭಾಷೆ. ತಲೆನೋವು ಹೋಯ್ತಾ?"

ಹಿಂದಿನಿಂದ ಇವರು, ಸರಿಯಾಗಿ ಹೇಳಿದೆ, ಅವಳಿಗೆ ತುಂಬಾ ಖುಷಿಯಾಗುತ್ತೆ ಅಂದರು. ಅಲ್ಲಿಗೆ ಟೇಪ್ ಮುಗಿಯಿತು.

ನನ್ನ ಚೀಟಿ ಕಣೇ. ಆ ಹೆಂಗಸು ಅದನ್ನು ನಿಜವೆಂದು ನಂಬಿ, ನನ್ನ ತಲೆನೋವಿಗೆಂದು ಇಪ್ಪತ್ತರವರೆಗೆ ಉರುಹೊಡೆದಿದ್ದಾಳೆ. ಪ್ರತಿಯಾಗಿ ನಾನು ಅವಳನ್ನು ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದ್ದೇನೆ.

ನೀನು ಈಗ, ಸದ್ಯ, ಹೊಟ್ಟೆಕಿಚ್ಚು ಆರಿತಲ್ಲ ಅನ್ನುತ್ತೀಯ. ಆರಿಲ್ಲ. ಇಷ್ಟು ಒಳ್ಳೆಯವಳಾಗಿರುವುದೂ ಅವಳೇ ಎಂದು ಇನ್ನೊಂದು ಕಡೆ ಹತ್ತಿಕೊಂಡಿದೆ. ಹದಿನೆಂಟನ್ನು ಅಷ್ಟು ಚೆನ್ನಾಗಿ ಹೇಳುವ ಅಗತ್ಯವೇನಿತ್ತು? ನಿನ್ನೆ ಸಂಜೆಯಿಂದ ಮೈತ್ರೇಯಿಯನ್ನು ಹಿಡಿದು ಕೂರಿಸಿದ್ದೇನೆ. ಹದಿಮೂರಕ್ಕೆ ಬಂದು ನಿಂತಿದ್ದಾಳೆ.

ಬಿಟ್ಟ ನಾಲ್ಕು ಹಿಂಡುಗಳನ್ನೂ ಸೇರಿಸಿ ಹಾಳೆಗಳನ್ನು ಹೊಸದಾಗಿ ಬರೆದಿದ್ದೇನೆ. ಈ ಕಾಗದದ ಜೊತೆಗೇ ಅಂಚೆಗೆ ಹಾಕಿ ಕ್ಲಿನಿಕ್ಕಿಗೆ ಹೋಗುತ್ತೇನೆ.

ನಿನ್ನ ಪ್ರೀತಿಯ, ಲೆಕ್ಕ ತಪ್ಪಿದ,
ಅಹಲ್ಯಾ

ತಾ.ಕ.: ನೀಲಿ ಅಕ್ಷರದ ಕಾರಣ ಹೇಳುತ್ತೇನೆ ಅಂದಿದ್ದೆ. ನೀನು ಓದುತ್ತಿರುವುದು ಕಾರ್ಬನ್ ಪ್ರತಿ. ಇವರಿಗೆ ನೇರವಾಗಿ ಬರೆಯಲು ನಿನ್ನೆಯಿಂದ ಮೂರು ಸಲ ಕೂತೆ, ಮೂರು ಸಲವೂ 'ಇಲ್ಲಿ ಎಲ್ಲ ಕ್ಷೇಮ' ಎಂದ ಕೂಡಲೇ ಪೆನ್ನು ನಿಂತಿತು. ನಿನಗಾದರೆ ನಿಜ ಹೇಳಿ ಅಭ್ಯಾಸವಿದೆ, ಅದಕ್ಕೆ ನಿನ್ನ ಹೆಸರು ಹಾಕಿ ಬರೆದೆ. ಮೇಲಿನ ಪ್ರತಿ ಹಾಳೆಗಳ ಜೊತೆ ಅಡಿಲೇಡಿಗೆ ಹೋಗುತ್ತದೆ. ಬೇರೆಯವರಿಗೆ ಬರೆದ ಕಾಗದ ತಪ್ಪಿ ಬಂದಿದೆ ಎಂದು ಓದದೆ ಮಡಿಸಿಡುವಷ್ಟು ಸಭ್ಯರು ಅವರು. ಆದ್ದರಿಂದ ನಿನ್ನ ಪ್ರತಿಯಲ್ಲಿಲ್ಲದ ಒಂದು ಸಾಲು ಅವರದರ ತಲೆಯ ಮೇಲಿದೆ: "ಇದು ನಿಮಗೇ. ಬಲಗಡೆ ನಲವತ್ತೊಂದು ಬಿಟ್ಟುಹೋಗಿಲ್ಲ. ನಾನು ಬಿಟ್ಟೆ."