ಪೂಜೆಗಿಟ್ಟ ಬಂದೂಕು

ಹಿಂಡಲಗಾ, ಬೆಳಗಾವಿ
೧೪ ಅಕ್ಟೋಬರ್ ೨೦೨೫, ಮಂಗಳವಾರ

ನನ್ನ ಮುದ್ದಿನ ದಾನವ್ವಾ,

ನಿನ್ನ ಅವ್ವ ಮನಸಾರೆ ಮಾಡುವ ಆಶೀರ್ವಾದ. ಕಾಲಿನ ಬಾವು ಇಳಿಯಿತೇ? ಎಂಟನೇ ತಿಂಗಳು ನಡೆದಿದೆ, ಬಾವಿಕಟ್ಟೆಯ ಹತ್ತಿರ ಹೋಗಬೇಡ, ಕೊಡ ಎತ್ತಬೇಡ. ಖಾನಾಪುರದ ಡಾಕ್ಟರಮ್ಮ ಬರೆದುಕೊಟ್ಟ ಗುಳಿಗೆಯನ್ನು ನುಂಗುತ್ತೀಯೋ, ಸಣ್ಣವಳಿದ್ದಾಗ ಮಾಡುತ್ತಿದ್ದಂತೆ ನಾಲಗೆಯ ಕೆಳಗಿಟ್ಟುಕೊಂಡು ಹಿತ್ತಲಿಗೆ ಉಗುಳುತ್ತೀಯೋ? ಅಳಿಯಂದಿರಿಗೆ ರೈಲ್ವೆ ಸ್ಟೇಷನ್ನಿನ ಡ್ಯೂಟಿ ಹಗಲೇ ಬಿದ್ದಿದೆ ಎಂದು ಕೇಳಿ ಸಮಾಧಾನವಾಯಿತು. ಇಷ್ಟನ್ನೂ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಿಮ್ಮ ಗುಂಜಿಯಲ್ಲಿ ರೇಂಜ್ ಸಿಗಬೇಕಾದರೆ ನೀನು ಹೊಟ್ಟೆ ಹೊತ್ತುಕೊಂಡು ರೈಲ್ವೆ ಗೇಟಿನವರೆಗೆ ನಡೆಯಬೇಕು. ಇಲ್ಲಿ ನಾನು ಫೋನ್ ಹಿಡಿದರೆ ನಿಮ್ಮಪ್ಪ ಪಕ್ಕದಲ್ಲೇ ಬಂದು ಕೂರುತ್ತಾರೆ. ಅವರ ಮುಂದೆ ಹೇಳಲಾಗದ ಮಾತು ಒಂದಿದೆ, ಅದಕ್ಕೇ ಕಾಗದ.

ಮೊದಲು ಒಳ್ಳೆಯ ಸುದ್ದಿ. ಬಂದೂಕು ಈಗ ನಮ್ಮ ಮನೆಯಲ್ಲಿಲ್ಲ. ಠಾಣೆಗೆ ಜಮಾ ಆಗಿದೆ. ಇಲೆಕ್ಷನ್ ಬಂದಾಗ ಕೊಟ್ಟು, ಮುಗಿದ ಮೇಲೆ ತರುತ್ತಿದ್ದರಲ್ಲ, ಹಾಗಲ್ಲ. ಲೈಸೆನ್ಸೇ ಬೇಡ ಎಂದು ಅರ್ಜಿ ಬರೆದುಕೊಟ್ಟು ಬಂದಿದ್ದಾರೆ. ನಾಲ್ಕು ಸಲ ಓದಿಕೋ, ನಾನೂ ನಂಬಿರಲಿಲ್ಲ. ಇಪ್ಪತ್ನಾಲ್ಕು ವರ್ಷ ಸೈನ್ಯದಲ್ಲಿ ಬಂದೂಕು ರಿಪೇರಿ ಮಾಡಿದ ಮನುಷ್ಯ, ಆಮೇಲೆ ಹನ್ನೊಂದು ವರ್ಷ ಸ್ವಂತ ಜೋಡುನಳಿಗೆ ಬಂದೂಕು ಹಿಡಿದು ಬ್ಯಾಂಕಿನ ಬಾಗಿಲಲ್ಲಿ ನಿಂತವರು. ಐದನೇ ತಿಂಗಳಲ್ಲಿ ನಿನಗೆ ಕುಬಸ ಮಾಡಿ ಉಡಿ ತುಂಬಿದ ದಿನ, ಆ ಬಂದೂಕು ಇರುವ ಮನೆಗೆ ಬಾಣಂತನಕ್ಕೆ ಬರುವುದಿಲ್ಲ ಎಂದು ನೀನು ಎಲ್ಲರೆದುರು ಅಂದುಬಿಟ್ಟೆ. ಅವರು ಎಲೆಯ ಮುಂದಿನಿಂದ ಎದ್ದು ಹೋದರು. ನಾನು ನಡುವೆ ನಿಂತು ಎರಡೂ ಕಡೆ ಬೈಸಿಕೊಂಡೆ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುವುದಿಲ್ಲವೆಂದರೆ ಅವ್ವನ ಹೊಟ್ಟೆಯಲ್ಲಿ ಏನಾಗುತ್ತದೆ ಎಂದು ನಿಮ್ಮಿಬ್ಬರಲ್ಲಿ ಒಬ್ಬರೂ ಕೇಳಲಿಲ್ಲ. ಅವರದು ಒಂದೇ ಮಾತು: "ಸ್ವಚ್ಛ ಇಟ್ಟ ಬಂದೂಕು ಯಾರಿಗೂ ಏನೂ ಮಾಡೂದಿಲ್ಲ."

ಸ್ವಚ್ಛತೆಗೇನೂ ಕಮ್ಮಿ ಇರಲಿಲ್ಲ ಬಿಡು. ಆಯುಧಗಳ ಖಂಡೇ ಪೂಜೆಯ ಬೆಳಿಗ್ಗೆ ಪಡಸಾಲೆಯಲ್ಲಿ ಪೇಪರ್ ಹಾಸಿ ಕೂತರು. ಬಂದೂಕನ್ನು ನಡುವೆ ಮಡಚಿ ತೆರೆದು, ಕೋಲಿಗೆ ಚಿಂದಿ ಸಿಕ್ಕಿಸಿ ಒಂದೊಂದು ನಳಿಗೆಗೂ ಹತ್ತು ಸಲ ಎಳೆದರು. ಕೊನೆಯ ಚಿಂದಿ ಬೆಳ್ಳಗೆ ಹೊರಬರುವವರೆಗೆ ಚಹಾ ಕೂಡ ಮುಟ್ಟಲಿಲ್ಲ. ಆಮೇಲೆ ಎಣ್ಣೆ, ಅದೂ ಹನಿ ಲೆಕ್ಕದಲ್ಲಿ. ನಳಿಗೆಯನ್ನು ಬೆಳಕಿಗೆ ಹಿಡಿದು ನನ್ನನ್ನೂ ಕರೆದು ತೋರಿಸಿದರು. ನನ್ನ ಅಡುಗೆಮನೆ ಪಾತ್ರೆಯನ್ನು ಒಂದು ದಿನ ಹಾಗೆ ತಿಕ್ಕಿಕೊಟ್ಟಿದ್ದರೆ ನನ್ನ ಸೊಂಟ ಉಳಿಯುತ್ತಿತ್ತು. ಕುಡುಗೋಲು, ಹೊಲಿಗೆ ಯಂತ್ರ, ಸ್ಕೂಟರಿನ ಕೀಲಿ ಇವುಗಳ ಜೊತೆ ಅದನ್ನೂ ಮಣೆಯ ಮೇಲಿಟ್ಟು ವಿಭೂತಿ ಹಚ್ಚಿ, ಕಾಯಿ ಒಡೆದು, ಹೊರಗೆ ಹೋದರು.

ಮರುದಿನ ದಸರೆ. ಬನ್ನಿ ಕೊಡಲು ಪಕ್ಕದ ಮನೆಯ ಬಾಳಪ್ಪಣ್ಣ ಬಂದರು, ಬಂದೂಕು ಒಮ್ಮೆ ಕೈಯಲ್ಲಿ ಹಿಡಿಯಬೇಕು ಎಂದರು. ಯಾರ ಕೈಗೆ ಕೊಡುವುದಿದ್ದರೂ ಮೊದಲು ತೆರೆದು ನೋಡಿಯೇ ಕೊಡುವುದು ನಿಮ್ಮಪ್ಪನ ಪದ್ಧತಿ. ಅವತ್ತು ತೆರೆಯಲಿಲ್ಲ. "ನಿನ್ನೆ ನಾನ ಒರಸಿ ಇಟ್ಟೇನಿ, ಖಾಲಿ ಐತಿ" ಎಂದು ಹಾಗೇ ಕೊಟ್ಟರು. ಬಾಳಪ್ಪಣ್ಣ ಅದನ್ನು ಹೆಗಲಿಗೇರಿಸಿ ಚೇಷ್ಟೆಗೆ ಬಾಗಿಲ ಕಡೆ ಗುರಿ ಹಿಡಿದರು. ಬಾಗಿಲಲ್ಲಿ ಹೋಳಿಗೆಯ ತಟ್ಟೆ ಹಿಡಿದು ನಾನು ನಿಂತಿದ್ದೆ. ಟ್ರಿಗರ್ ಎಳೆದೂ ಬಿಟ್ಟರು. ಸೇಫ್ಟಿಯ ಚಿಲಕ ಬಿದ್ದಿತ್ತು, ಟ್ರಿಗರ್ ಅಲ್ಲಾಡಲಿಲ್ಲ. ಇದೇಕೆ ಹೀಗೆ ಎಂದು ಅವರು ಕೇಳಿದಾಗ ನಿಮ್ಮಪ್ಪ ನಗುತ್ತಲೇ ಬಂದೂಕು ತೆಗೆದುಕೊಂಡು ತೆರೆದರು. ಒಳಗೊಂದು ಕಾಡತೂಸು ಇತ್ತು.

ಏನೂ ಆಗಲಿಲ್ಲ, ದಾನವ್ವಾ. ಗಾಬರಿಯಾಗಬೇಡ, ನಾನು ಗುಂಡುಕಲ್ಲಿನ ಹಾಗೆ ಕೂತು ಈ ಕಾಗದ ಬರೆಯುತ್ತಿದ್ದೇನೆ. ಆದರೆ ನಿಮ್ಮಪ್ಪನ ಮುಖ ಮಾತ್ರ ಆಮೇಲೆ ಮೊದಲಿನಂತಾಗಲಿಲ್ಲ. ಬಾಳಪ್ಪಣ್ಣ ಹೋದ ಮೇಲೆ ಗೋಡೆಗೆ ಒರಗಿ ಕೂತು, "ಕಾಂತಾ, ನನ್ನ ತಲಿ ಕೆಡ್ತು. ಹಾಕಿದ್ದು ನನಗ ನೆಪ್ಪ ಇಲ್ಲ" ಎಂದರು. ಅಷ್ಟೇ. ಮರುದಿನ ಬೆಳಿಗ್ಗೆಯೇ ಬಂದೂಕನ್ನು ಹಳೆಯ ಚಾದರದಲ್ಲಿ ಸುತ್ತಿ ಆಟೋದಲ್ಲಿ ಠಾಣೆಗೆ ಒಯ್ದು ಕೊಟ್ಟು ಬಂದರು. ಸ್ಕೂಟರಿನ ಕೀಲಿ ನನ್ನ ಕೈಗೆ ಹಾಕಿ, ಇನ್ನು ತಾನು ಓಡಿಸುವುದಿಲ್ಲ ಎಂದರು. ಈಗ ಗ್ಯಾಸ್ ಆರಿಸಿ ಮೂರು ಸಲ ಹೋಗಿ ನೋಡುತ್ತಾರೆ. ಬೆಳಿಗ್ಗೆ ಎದ್ದ ತಕ್ಷಣ ತಾರೀಖು, ವಾರ ಹೇಳಿ ಸರಿಯೇ ಎಂದು ನನ್ನನ್ನು ಕೇಳುತ್ತಾರೆ. ತಲೆಯ ಡಾಕ್ಟರಿಗೆ ತೋರಿಸಲು ಹೆಸರನ್ನೂ ಹಚ್ಚಿದ್ದಾರೆ.

ಈಗ ಆ ಮಾತು. ಕಾಡತೂಸು ಹಾಕಿದ್ದು ನಾನು. ಖಂಡೇ ಪೂಜೆಗಿಟ್ಟ ಸಾಮಾನು ಯಾವುದೂ ಖಾಲಿ ಇರಬಾರದು ಎಂದು ನಿನ್ನ ಅಜ್ಜಿ ಕಲಿಸಿದ್ದು. ಸೇರಿನಲ್ಲಿ ಜೋಳ, ಯಂತ್ರದಲ್ಲಿ ದಾರ, ಪೆನ್ನಿನಲ್ಲಿ ಮಸಿ. ಬಂದೂಕಿಗೆ ಮಾತ್ರ ಪ್ರತಿ ವರ್ಷ ಎರಡು ಕಾಡತೂಸನ್ನು ಪಕ್ಕದ ತಟ್ಟೆಯಲ್ಲಿಡುತ್ತಿದ್ದೆ. ಈ ವರ್ಷ ನೀನು ಸಿಟ್ಟು ಮಾಡಿಕೊಂಡು ಕೂತಿದ್ದೀ, ಹೊಟ್ಟೆಯಲ್ಲಿ ಕೂಸಿದೆ. ನಿನ್ನ ಹೆಸರು ಹೇಳಿ, ಹೆರಿಗೆ ಹಗುರಾಗಲಿ ಎಂದು ಬೇಡಿಕೊಂಡು, ಉಡಿ ತುಂಬಿದ ಹಾಗೆ ಒಂದನ್ನು ಒಳಗೇ ಇಟ್ಟು ಮುಚ್ಚಿದೆ. ಇಷ್ಟು ವರ್ಷ ನೋಡಿದ್ದೇನಲ್ಲ, ತೆರೆಯಲು ಬರುತ್ತದೆ. ದಸರೆಯ ದಿನ ಅವರು ಮುಟ್ಟುವ ಮೊದಲೇ ತೆಗೆಯಬೇಕೆಂದುಕೊಂಡಿದ್ದೆ. ಹೋಳಿಗೆಯ ಗಡಿಬಿಡಿಯಲ್ಲಿ ಮರೆತುಬಿಟ್ಟೆ. ಇಂಥ ದಡ್ಡತನ ಮಾಡಿದವಳ ಎದುರಿಗೇ ಗುರಿ ಹಿಡಿದದ್ದು ನ್ಯಾಯವೇ ಆಯಿತು. ಆದರೆ ಗುರಿ ಹಿಡಿದ ಜಾಗದಲ್ಲಿ ಇನ್ಯಾರಾದರೂ ಇದ್ದಿದ್ದರೆ ಎಂದು ನೆನೆದಾಗಲೆಲ್ಲ ಎದ್ದು ಹೋಗಿ ಆ ಬಾಗಿಲನ್ನು ನೋಡಿ ಬರುತ್ತೇನೆ.

ಹನ್ನೆರಡು ದಿನದಿಂದ ಬಾಯಿ ಮುಚ್ಚಿಕೊಂಡಿದ್ದೇನೆ. ನಿಜ ಹೇಳಿದರೆ ತನ್ನ ತಲೆ ನೆಟ್ಟಗಿದೆ ಎಂದು ತಿಳಿದು ಬಂದೂಕನ್ನು ಮತ್ತೆ ತರುತ್ತಾರೆ, ನೀನು ಬರುವುದಿಲ್ಲ. ಹೇಳದಿದ್ದರೆ ನೀನು ಬರುತ್ತೀ, ಅವರು ಮಾತ್ರ ದಿನದಿನಕ್ಕೆ ಮುದುಕರಾಗುತ್ತಾರೆ. ನಾನು ನಿನ್ನನ್ನೇ ಆರಿಸಿಕೊಂಡಿದ್ದೇನೆ. ಹೆರಿಗೆ ಮುಗಿಯಲಿ, ಕೂಸಿನ ಮುಖ ನೋಡಿದ ಮೇಲೆ ಹೇಳಿದರಾಯಿತು. ಅಲ್ಲಿಯವರೆಗೆ ನೀನೂ ಬಾಯಿ ಬಿಡಬೇಡ. ದೀಪಾವಳಿಗೆ ಮೊದಲೇ ಬಂದುಬಿಡು. ನಿನ್ನ ಕೋಣೆ ಸಾರಿಸಿ, ಹಾಸಿಗೆ ಬಿಸಿಲಿಗೆ ಹಾಕಿದ್ದೇನೆ. ಮೂರು ತಿಂಗಳಲ್ಲಿ ಮೊದಲ ಸಲ ಕಣ್ತುಂಬ ನಿದ್ದೆ ಮಾಡಿದೆ.

ನಿನಗೂ ಒಡಲಲ್ಲಿರುವ ಕೂಸಿಗೂ ಬಸವಣ್ಣ ಆಯುಸ್ಸು ಕೊಡಲಿ. ನಿಮ್ಮ ಅತ್ತೆಯವರಿಗೆ ಶರಣು ಹೇಳು, ಅಳಿಯಂದಿರಿಗೆ ಆಶೀರ್ವಾದ.

ನಿನ್ನ ಅವ್ವ,
ಕಾಂತಾ

ತಾ. ಕ.: ಲಕೋಟೆಗೆ ಅಂಟು ಹಚ್ಚಿದ್ದೆ, ಹರಿದು ಬರೆಯುತ್ತಿದ್ದೇನೆ. ಅಂಚೆ ಕಚೇರಿ ಮುಚ್ಚಲು ಅರ್ಧ ಗಂಟೆ ಇದೆ, ಅಕ್ಷರ ಹೇಗಿದ್ದರೂ ಓದಿಕೋ. ನಿಮ್ಮಪ್ಪ ಒಳಗೆ ಬಂದು, "ಇವತ್ತ ಹದಿನಾಲ್ಕು, ಹೌದಲ್ಲ?" ಎಂದು ಮತ್ತೆ ಕೇಳಿದರು. ಸಾಲೆಯ ಹುಡುಗ ಮಾಸ್ತರರನ್ನು ಕೇಳುವ ಹಾಗಿತ್ತು. ನನಗೆ ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. ಪಕ್ಕದಲ್ಲಿ ಬಂದು ಕೂತರು. ಯಾವ ನಳಿಗೆ ಎಂದು ಕೇಳಿದರು. ಬಲಗಡೆಯದು ಎಂದೆ. ಹೌದು, ಬಲಕ್ಕೇ ಇತ್ತು ಎಂದವರು ನಗಲು ಶುರು ಮಾಡಿದರು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಬೈಯಲಿಲ್ಲ. ಹಾಗಾದರೆ ಬಂದೂಕು ತರುತ್ತೀರಾ ಎಂದು ಅಳುಕುತ್ತ ಕೇಳಿದೆ. "ಹಾಕಿದಾಕಿ ನೀನು. ತೆರೆದು ನೋಡದೇ ಇನ್ನೊಬ್ಬರ ಕೈಯಾಗ ಕೊಟ್ಟಾಂವ ನಾನು. ಅದು ಅಲ್ಲೇ ಇರ್ಲಿ" ಎಂದರು. ಕಾಗದದಲ್ಲಿ ಏನು ಬರೆದಿದ್ದೀ ಎಂದರು, ಬಂದೂಕು ಹೋಯಿತೆಂದು ಬರೆದಿದ್ದೇನೆ ಎಂದೆ. "ಅಷ್ಟ ಬರದ್ರ ಸಾಲೂದಿಲ್ಲ. ಆಕೀ ಮಾತು ಖರೇ ಇತ್ತು, ಅಪ್ಪಂದು ತಪ್ಪಾತು ಅಂತ ಬರಿ" ಎಂದರು. ಬರೆದಿದ್ದೇನೆ. ಭಾನುವಾರ ನಿನ್ನನ್ನು ಕರೆಯಲು ಅವರೇ ಬರುತ್ತಾರೆ.